ಗಣಿತ ಪಾಸಾಯಿತು, ಮೊದಲ ನಮಸ್ಕಾರ ದೊಡ್ಡಕ್ಕನಿಗೆ

ಎಸ್‌ಎಸ್‌ಎಲ್‌ಸಿ ಪಾಸಾದೆ. 37ನೇ ವಯಸ್ಸಿಗೆ. ಶಾಲೆಗೆ ಹೋಗದೆ ಪ್ರೈವೇಟ್ ಆಗಿ ಕಟ್ಟಿದ್ದೆ, ಮೊದಲ ಸಲ ಗಣಿತದಲ್ಲಿ ಫೇಲಾದೆ, ಮನೆಯಲ್ಲಿ ಮಾತೂ ಬಂತು.

ಪರೀಕ್ಷೆ ಫೀ ಕಟ್ಟಿದ ನಮ್ಮೂರ ಮಹಿಳಾ ಸಂಘದವರಿಗೆ, ತನ್ನ ನೋಟ್ಸ್ ಕೊಟ್ಟ ಮಗಳಿಗೆ, ಆಡು ನೋಡಿಕೊಂಡ ಪಕ್ಕದ ಮನೆ ಅವ್ವನಿಗೆ, ಭಾನುವಾರವೂ ಇಂಗ್ಲಿಷ್ ಹೇಳಿಕೊಟ್ಟ ಮಾಸ್ತರರಿಗೆ ತುಂಬಾ ಧನ್ಯವಾದ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲ, ಅದಕ್ಕೇ ತಾಲ್ಲೂಕಿಗೆ ಪಾಠಕ್ಕೆ ಹೋಗೋದು ಸಾಧ್ಯವಾಯಿತು.

ಉಳಿದದ್ದೆಲ್ಲ ಸಂಘದ ಹಿರಿಯರಾದ ದೊಡ್ಡಕ್ಕನಿಗೆ. ಹೆಸರು ಹಾಕಬೇಡ ಅಂದಿದ್ದಾರೆ.

ಕಳೆದ ಮೇ ತಿಂಗಳ ಆ ರಾತ್ರಿ. ಗಣಿತದಲ್ಲಿ 28 ಬಂದಿತ್ತು. ಫೇಲಾದವರು ಮತ್ತೆ ಬರೆಯುವ ಪರೀಕ್ಷೆ-2ಕ್ಕೆ ಮೂರು ವಾರ. ಪುಸ್ತಕಗಳನ್ನು ಒಯ್ದು ಒಲೆಯ ಪಕ್ಕ ಇಟ್ಟಿದ್ದೆ. ದೊಡ್ಡಕ್ಕ ಬಂದು ಹಿತ್ತಲ ಕಟ್ಟೆಯ ಮೇಲೆ ಕೂತರು. ಸಮಾಧಾನದ ಮಾತೊಂದೂ ಆಡಲಿಲ್ಲ. ಅಳುವಷ್ಟು ಅಳಲು ಬಿಟ್ಟರು. ಆಮೇಲೆ, "ಯಾವ ಲೆಕ್ಕ ಬರಾಂಗಿಲ್ಲ, ಓದು" ಅಂದರು.

ಸಮಾಂತರ ಶ್ರೇಢಿ, ಅಂದರೆ ಒಂದೇ ಅಂತರದಲ್ಲಿ ಏರುವ ಇಲ್ಲವೇ ಇಳಿಯುವ ಸಂಖ್ಯೆಗಳ ಸಾಲು. ಅವರಿಗೆ ಆ ಹೆಸರು ತಿಳಿಯದು, ಸಂಘದ ಸಾಲ ತಿಳಿಯುತ್ತದೆ. 5,000 ಸಾಲ, ತಿಂಗಳಿಗೆ 500 ಅಸಲು, ನೂರಕ್ಕೆ ಎರಡು ರೂಪಾಯಿ ಬಡ್ಡಿ. ಮೊದಲ ತಿಂಗಳ ಬಡ್ಡಿ 100, ಆಮೇಲೆ 90, 80, ಹತ್ತನೇ ತಿಂಗಳಿಗೆ 10. ಒಟ್ಟು ಎಷ್ಟು? ನಾನು ಬೆರಳು ಮಡಿಚತೊಡಗಿದೆ. "ಮದಲಿಂದು ಕಡೀದು ಕೂಡಸು, ನೂರಾ ಹತ್ತು. ಎರಡನೇದು, ಕಡೀ ಹಿಂದಿಂದು ಕೂಡಸು, ಅದೂ ನೂರಾ ಹತ್ತು. ಇಂಥಾವು ಐದು ಜೋಡಿ. ಐನೂರಾ ಐವತ್ತು." ಪುಸ್ತಕದ ಸೂತ್ರವೂ ಅದೇ! ವರ್ಷವಿಡೀ ಬಾಯಿಪಾಠ ಮಾಡಿದ್ದೆ, ಅರ್ಥವಾದದ್ದು ಆವತ್ತು. ಬೆಳಗಿನ ನಾಲ್ಕರವರೆಗೂ ಅವರು ಏಳಲಿಲ್ಲ.

1989ರಲ್ಲಿ ಆಗಿನ ಬಿಜಾಪುರ ಜಿಲ್ಲೆಯಲ್ಲಿ ಮಹಿಳಾ ಸಮಖ್ಯಾ ಶುರುವಾಯಿತು, ಹಳ್ಳಿ ಹೆಣ್ಣುಮಕ್ಕಳ ಸಂಘ ಕಟ್ಟಿ ಕಲಿಸುವ ಸರ್ಕಾರದ ಕಾರ್ಯಕ್ರಮ. ನಮ್ಮೂರಿಗೂ ಆ ಸಂಘ ಬಂತು. ದೊಡ್ಡಕ್ಕ ಸಹಿ ಕಲಿತದ್ದು ಅಲ್ಲೇ. ಓದು ಅಷ್ಟಕ್ಕೇ ನಿಂತಿತು. ಒಬ್ಬಳ ಮನೆಯಲ್ಲಿ ಕಷ್ಟವಾದರೆ ಹೋಗಿ ಕೂರಬೇಕು ಅನ್ನೋದನ್ನೂ ಅಲ್ಲೇ ಕಲಿತೆ ಅನ್ನುತ್ತಾರೆ.

ಒಂದು ಮಾತು ಹೇಳಿಬಿಡುತ್ತೇನೆ. ಆ ರಾತ್ರಿಯ ಅಳುವಿನಲ್ಲಿ ಹಳೆಯ ಅಳುವೂ ಸೇರಿತ್ತು. ಹದಿನೈದಕ್ಕೆ ಶಾಲೆ ಬಿಡಿಸಿ ಮದುವೆಯ ಅಕ್ಕಿಕಾಳು ಹಾಕಿದರಲ್ಲ, ಆಗಲೂ ಹೀಗೇ ಒಲೆ ಮುಂದೆ ಕೂತಿದ್ದೆ. ಪಕ್ಕದಲ್ಲಿ ಯಾರೂ ಬಂದು ಕೂರಲಿಲ್ಲ. ಒಬ್ಬರಾದರೂ ಬೇಡ ಅಂದಿದ್ದರೆ... ಇಷ್ಟು ಬರೆದು ಎದ್ದು ಹೋಗಿದ್ದೆ.

ಈಗ ಸರಿಯಾಗಿದ್ದೇನೆ. ಗಣಿತದಲ್ಲಿ 43. ದೊಡ್ಡಕ್ಕ ಅಂಕಪಟ್ಟಿ ಹಿಡಿದು, "ಗಣಿತ ಎಲ್ಲೈತಿ?" ಅಂತ ಕೇಳಿದರು. ತೋರಿಸಿದ ಸಾಲಿನ ಮೇಲೆ ಬಹಳ ಹೊತ್ತು ಬೆರಳಿಟ್ಟುಕೊಂಡಿದ್ದರು.

ಸಂಘದ ಇನ್ನಿಬ್ಬರು ಈ ಸಲ ಪರೀಕ್ಷೆ ಕಟ್ಟುತ್ತಿದ್ದಾರೆ. ಗುರುವಾರ ಊಟವಾದ ಮೇಲೆ ದೊಡ್ಡಕ್ಕನ ಕಟ್ಟೆಯಲ್ಲಿ ಲೆಕ್ಕಕ್ಕೆ ಕೂರುತ್ತೇವೆ. ಕಲಿಯುವ ಮನಸ್ಸಿದ್ದವರು ಬನ್ನಿ. ಬ್ಯಾಟರಿ ತನ್ನಿ, ಆ ಹೊತ್ತಿಗೆ ಕರೆಂಟ್ ಇರುವುದಿಲ್ಲ.