ಬರೀ ಪಾಪದವರನ್ನು ಬರೆಯಬೇಡ

ಪ್ರೀತಿಯ ತಂಗಿ,

ಕೊರಿಯನ್-ಅಮೆರಿಕನ್ ಲೇಖಕಿ ಮಿನ್ ಜಿನ್ ಲೀ ಅವರ ‘ಪಚಿಂಕೊ’ ಕಾದಂಬರಿ ಓದಿದ ಮೇಲೆ ನಿನ್ನ ಕಾದಂಬರಿಯನ್ನು ಹರಿದು ಹಾಕೋಣ ಅನ್ನಿಸಿತು ಎಂದು ಬರೆದಿದ್ದೀಯ. ಹರಿಯಬೇಡ, ಮಾರಾಯ್ತಿ. ಲೀ ಕೂಡ ಹಳೆಯ ಕರಡನ್ನು ಪಕ್ಕಕ್ಕಿಟ್ಟು ಮತ್ತೆ ಮೊದಲಿನಿಂದ ಬರೆದವರೇ. ಜಪಾನಿನ ಕೊರಿಯನ್ನರ ಬಗ್ಗೆ ಅವರು ಮೊದಲು ಕೇಳಿದ್ದು 1989ರಲ್ಲಿ, ಕಾಲೇಜಿನ ಒಂದು ಉಪನ್ಯಾಸದಲ್ಲಿ. ಪುಸ್ತಕ ಬಂದದ್ದು 2017ರಲ್ಲಿ. ನಡುವೆ 2007ರಲ್ಲಿ ಟೋಕಿಯೊಗೆ ಹೋಗಿ ನೆಲೆಸಿ, ಆ ಜನರನ್ನೇ ಮಾತಾಡಿಸಿದರು. ಆ ಜನರಿಗೆ ಅನ್ಯಾಯ ಆಗಿದ್ದು ನಿಜ, ಆದರೆ ಅವರು ಬರೀ ಅನ್ಯಾಯಕ್ಕೆ ಸಿಕ್ಕವರಲ್ಲ ಅಂತ ಲೀಗೆ ಆಗ ಗೊತ್ತಾಯಿತು.

ನಾನು ಹೇಳಬೇಕಾದ್ದೂ ಇಷ್ಟೇ. ಅಧ್ಯಾಯ ಎಷ್ಟಿರಬೇಕು, ಯಾವ ಪ್ರಕಾಶಕರಿಗೆ ಕಳಿಸಬೇಕು ಅನ್ನೋದೆಲ್ಲ ಆಮೇಲೆ ನೋಡಿಕೊಳ್ಳೋಣ.

‘ಪಚಿಂಕೊ’ದಲ್ಲಿ ಬರುವ ಯೊಸೆಬ್‌ನನ್ನು ನೆನಪಿಸಿಕೋ. ತಮ್ಮನೂ ಅವನ ಹೆಂಡತಿ ಸುಂಜಾಳೂ ಕೊರಿಯಾದಿಂದ ಜಪಾನಿನ ಒಸಾಕಾಗೆ ಬರಲಿ ಅಂತ ಸಾಲ ಮಾಡಿದವನು. ಕೊರಿಯನ್ ಅನ್ನುವ ಕಾರಣಕ್ಕೆ ದಿನಾ ತುಳಿಸಿಕೊಳ್ಳುವವನು. ಸುಂಜಾ ತನ್ನ ಹತ್ತಿರ ಇದ್ದ ಗಡಿಯಾರ ಮಾರಿ ಆ ಸಾಲ ತೀರಿಸಿದರೆ, ಇವನು ಉರಿದು ಬೀಳುತ್ತಾನೆ. ಹೆಂಗಸರು ತನ್ನ ಮರ್ಯಾದೆ ತೆಗೆದರಂತೆ! ಲೀ ಅವನನ್ನು ಬೈಯುವುದೂ ಇಲ್ಲ, ವಹಿಸಿಕೊಳ್ಳುವುದೂ ಇಲ್ಲ. ನಾನು ಆ ಪುಟಗಳನ್ನು ಮತ್ತೆ ಮತ್ತೆ ಓದುತ್ತೇನೆ.

ಸುಂಜಾಳ ಮೊಮ್ಮಗ ಸಾಲೊಮನ್‌ನದೂ ಹಾಗೆಯೇ. ಅವನೂ ಅವನ ಅಪ್ಪನೂ ಜಪಾನಿನಲ್ಲೇ ಹುಟ್ಟಿದವರು. ಆದರೂ 14 ತುಂಬಿದ ದಿನ ಹುಡುಗ ಕಚೇರಿಗೆ ಹೋಗಿ ವಿದೇಶಿಯನಂತೆ ಬೆರಳಚ್ಚು ಕೊಡಬೇಕು. 1952ರಲ್ಲಿ ಅಲ್ಲಿನ ಕೊರಿಯನ್ನರ ಜಪಾನಿ ಪೌರತ್ವ ಹೋಯಿತಲ್ಲ, ಅದರ ಫಲ ಇದು. ಅದೇ ಸಂಜೆ ಅವನಿಗೆ ಜೋರು ಪಾರ್ಟಿ, ಯಾಕಂದರೆ ಅಪ್ಪ ಪಚಿಂಕೊ ಜೂಜಿನಂಗಡಿಗಳಲ್ಲಿ ದುಡ್ಡು ಮಾಡಿದವನು. ಅವಮಾನ, ಐಶ್ವರ್ಯ ಎರಡೂ ಒಂದೇ ದಿನ. ಸುಮ್ನೆ ‘ಅಯ್ಯೋ ಪಾಪ’ ಅಂದು ಪುಟ ತಿರುಗಿಸಲು ಆಗುವುದಿಲ್ಲ.

ನಿನ್ನ ಕಾದಂಬರಿಯಲ್ಲಿ ಮೂರು ತಲೆಮಾರು ಇದೆ, ಒಬ್ಬರಿಗೂ ಒಂದು ಕೆಟ್ಟ ಬುದ್ಧಿ ಇಲ್ಲ. ಅಜ್ಜಿ ಅಳುತ್ತಾರೆ, ದುಡಿಯುತ್ತಾರೆ, ಕ್ಷಮಿಸುತ್ತಾರೆ. ಯಾರ ಮೇಲೂ ಹೊಟ್ಟೆಕಿಚ್ಚು ಪಡಲಿಲ್ಲವಾ ಅವರು? ಹಿಂದೆ ಒಬ್ಬ ಸಂಪಾದಕರು ನನಗೆ ಹೇಳಿದ್ದರು, ‘ಬಡ ಹೆಂಗಸಿಗೆ ದುರಾಸೆ ಇಟ್ಟರೆ ಓದುಗರ ಕನಿಕರ ಹೋಗುತ್ತೆ’ ಅಂತ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ನಿನಗೂ ಯಾರಾದರೂ ಹಾಗೆ ಹೇಳಿದ್ದರೆ ಕಿವಿಗೆ ಹಾಕಿಕೊಳ್ಳಬೇಡ.

ಭಾಷೆ ನಿನಗೆ ಒಲಿದಿದೆ, ಅದಕ್ಕೇ ಇಷ್ಟು ಗದರುತ್ತಿದ್ದೇನೆ. ತಿದ್ದುವ ಮೊದಲು ಊರಿಗೆ ಹೋಗಿ ಅಜ್ಜಿಯನ್ನು ಬಲ್ಲವರನ್ನು ಮಾತಾಡಿಸು. ಅಜ್ಜಿಯ ತ್ಯಾಗದ ಕತೆ ಕೇಳಬೇಡ, ಅದು ಹೇಗೂ ಹೇಳುತ್ತಾರೆ. ಯಾರ ಜೊತೆ ಮಾತು ಬಿಟ್ಟಿದ್ದರು, ಯಾಕೆ ಅಂತ ಕೇಳು. ಆಮೇಲೆ ಎರಡನೇ ಅಧ್ಯಾಯ ಮಾತ್ರ ಬರೆದು ಕಳಿಸು.