ಕೆರೆಯ ಜೊಂಡನ್ನು ಪೂರ್ತಿ ಬೋಳಿಸಬೇಡಿ

ಮಾನ್ಯ ಸಂಪಾದಕರೇ,

ಕೆರೆ ಅಭಿವೃದ್ಧಿ ಅಂದ ತಕ್ಷಣ ನಮ್ಮ ಬೆಂಗಳೂರಿನಲ್ಲಿ ಮೊದಲು ಬರುವುದು ಹಿಟಾಚಿ. ನಮ್ಮ ಬಡಾವಣೆಯ ಪಕ್ಕದ ಕೆರೆಗೂ ಕಳೆದ ಆಗಸ್ಟ್‌ನಲ್ಲಿ ಬಂತು. ದಡದ ಉದ್ದಕ್ಕೂ ಆಳೆತ್ತರ ಬೆಳೆದಿದ್ದ ಜೊಂಡನ್ನು ಬೇರುಸಮೇತ ಬಾಚಿ ಲಾರಿಗೆ ತುಂಬಿ ಸಾಗಿಸಿಬಿಟ್ಟರು. ಈಗ ಕೆರೆ ತುಂಬಾ ನೀಟಾಗಿದೆ, ವಾಕಿಂಗ್ ಬರುವವರು ಫೋಟೊ ತೆಗೆಯುತ್ತಾರೆ. ಏರಿಯ ಮೇಲೆ ಹಕ್ಕಿಗಳ ಬಣ್ಣದ ಬೋರ್ಡ್ ಕೂಡ ನಿಲ್ಲಿಸಿದ್ದಾರೆ. ಅದರಲ್ಲಿ ನೇರಳೆ ಜಂಬುಕೋಳಿಯ ಚಿತ್ರ ಇದೆ. ನೀರಿನಲ್ಲಿ ಮಾತ್ರ ಒಂದೂ ಇಲ್ಲ.

ಇರುವುದಾದರೂ ಹೇಗೆ? ಕೆಂಪು ಕೊಕ್ಕು, ಕೆಂಪು ಕಾಲಿನ, ನಾಟಿ ಕೋಳಿ ಗಾತ್ರದ ಈ ಹಕ್ಕಿಗೆ ಜೊಂಡೇ ಊಟ, ಜೊಂಡೇ ಮನೆ. ಅದು ತಿನ್ನುವ ಚೆಂದ ನೋಡಬೇಕು. ಎಳೆ ದಂಟನ್ನು ಬುಡದಿಂದ ಕಿತ್ತು, ಉದ್ದ ಬೆರಳಿನ ಒಂದು ಕಾಲಲ್ಲಿ ಎತ್ತಿ ಹಿಡಿದು, ಮೇಲಿನ ಸಿಪ್ಪೆ ಸೀಳಿ ಒಳಗಿನ ಬಿಳಿ ತಿರುಳನ್ನಷ್ಟೇ ತಿನ್ನುತ್ತದೆ, ನಾವು ಕಬ್ಬು ತಿಂದ ಹಾಗೆ. ಮಿಕ್ಕಿದ್ದನ್ನು ಅಲ್ಲೇ ಬಿಸಾಡುತ್ತದೆ. (ಪಕ್ಕದಲ್ಲಿ ಗದ್ದೆ ಇದ್ದರೆ ಭತ್ತದ ಪೈರಿಗೂ ಬಾಯಿ ಹಾಕುತ್ತದೆ, ರೈತರ ಬೈಗುಳವೂ ಅದಕ್ಕೆ ಹೊಸದಲ್ಲ.) ಜೊಂಡನ್ನೇ ಬಗ್ಗಿಸಿ ಗೂಡು ಮಾಡುತ್ತದೆ, ಅದೂ ಮುಖ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಂದರೆ ಹಿಟಾಚಿ ಇಳಿದದ್ದು ಸರಿಯಾಗಿ ಮೊಟ್ಟೆ ಮರಿಗಳ ಹೊತ್ತಿಗೆ.

ಜಂಬುಕೋಳಿ ಒಂದೇ ಅಲ್ಲ. ನಾಮದ ಕೋಳಿ ಹೆಚ್ಚಾಗಿ ನೀರೊಳಗಿನ ಗಿಡ ತಿಂದರೂ ತೇಲುವ ಗೂಡನ್ನು ಜೊಂಡಿನ ದಂಟಿಗೆ ಸಿಕ್ಕಿಸಿ ಕಟ್ಟುತ್ತದೆ. ಚಳಿಗಾಲಕ್ಕೆ ವಲಸೆ ಬರುವ ಬಾತುಗಳಿಗೆ ದಡದ ಜೇಕು, ಹುಲ್ಲುಗಳ ಬೀಜ ಬೇಕು. ತುಂಗಭದ್ರೆಯ ನೀರುನಾಯಿ ಜೊಂಡು ತಿನ್ನುವುದಿಲ್ಲ, ಅದಕ್ಕೆ ಮೀನು ಸಾಕು. ಆದರೆ ಆ ಮೀನಿನ ಮರಿಗಳು ಬೆಳೆಯುವುದು ಜೊಂಡಿನ ಸಂದಿಯಲ್ಲಿ, ನೀರುನಾಯಿ ಅಂಥ ಮರೆಯಲ್ಲೂ ಮಲಗುತ್ತದೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ನದಿಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ ಸರ್ಕಾರವೇ ಊರ ಕೆರೆಗಳ ಜೊಂಡನ್ನು ಕಸ ಅಂದುಕೊಂಡರೆ ಏನು ಹೇಳುವುದು!

ಸೊಳ್ಳೆ ಜಾಸ್ತಿ, ಹಾವು ಬರುತ್ತದೆ ಎಂದು ದೂರುವವರು ನಮ್ಮ ಬೀದಿಯಲ್ಲೂ ಇದ್ದಾರೆ. ಅವರ ಭಯ ಸುಮ್ನೆ ಅಲ್ಲ. ಆದರೆ ಸೊಳ್ಳೆ ಹೆಚ್ಚುವುದು ಕೊಳಚೆ ನೀರು ನಿಂತಾಗ, ಮತ್ತು ಸೊಳ್ಳೆ ಮರಿಗಳನ್ನು ತಿನ್ನುವ ಏರೋಪ್ಲೇನ್ ಚಿಟ್ಟೆಯ ಮರಿಗಳು ನೀರಿನಿಂದ ಮೇಲೇರಿ ರೆಕ್ಕೆ ಬಿಚ್ಚುವುದು ಇಂಥ ದಂಟುಗಳ ಮೇಲೇ. ಜೊಂಡು ಹೀಗೆ ಎಗ್ಗಿಲ್ಲದೆ ಹಬ್ಬುವುದಕ್ಕೂ ಅದೇ ಕೊಳಚೆ ಕಾರಣ. ಅದರಲ್ಲಿರುವ ಸಾರಜನಕ, ರಂಜಕವೇ ಅದಕ್ಕೆ ಗೊಬ್ಬರ. ಚರಂಡಿ ನೀರನ್ನು ಬಿಡುತ್ತಲೇ ಇದ್ದು ಜೊಂಡನ್ನು ಮಾತ್ರ ಕಿತ್ತರೆ ಎರಡು ವರ್ಷದಲ್ಲಿ ಮತ್ತೆ ಟೆಂಡರ್ ಕರೆಯಬೇಕಾಗುತ್ತದೆ, ಅಲ್ವಾ? ನಗರದ ಇನ್ನೊಂದು ಮೂಲೆಯ ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದಿಂದ ಬಂದ ನೀರನ್ನು ಬೇಕೆಂದೇ ಜೊಂಡಿನ ಜೌಗಿನ ಮೂಲಕ ಹಾಯಿಸಿ, ಉಳಿದ ಸಾರಜನಕ, ರಂಜಕವನ್ನು ಜೊಂಡು ಹೀರಿಕೊಳ್ಳಲಿ ಎಂದು, ಆಮೇಲೆ ಕೆರೆಗೆ ಬಿಡುತ್ತಾರೆ. ಅಲ್ಲಿ ಕೆಲಸಕ್ಕೆ ಇಟ್ಟುಕೊಂಡ ಗಿಡವನ್ನೇ ಇಲ್ಲಿ ಕಿತ್ತು ಎಸೆಯುತ್ತಿದ್ದೇವೆ.

ಹಾಗಂತ ಜೊಂಡನ್ನು ಮುಟ್ಟಲೇಬಾರದು ಎಂದು ನಾನು ಹೇಳುವುದಿಲ್ಲ. ಬಿಟ್ಟರೆ ಅದು ಇಡೀ ಕೆರೆಯನ್ನೇ ನುಂಗುತ್ತದೆ, ಒಣಗಿ ಕೊಳೆತರೆ ಹೀರಿದ ಗೊಬ್ಬರವೆಲ್ಲ ಮತ್ತೆ ನೀರಿಗೇ ಸೇರುತ್ತದೆ. ಕೊಯ್ಯಲಿ, ಆದರೆ ಮಳೆಗಾಲ ಕಳೆದು ಮರಿಗಳು ದೊಡ್ಡವಾದ ಮೇಲೆ, ಒಂದು ವರ್ಷ ಒಂದು ಪಕ್ಕ, ಮರುವರ್ಷ ಇನ್ನೊಂದು ಪಕ್ಕ. ಬೇಡದ ಕಡೆ ನೀರಿನ ಮಟ್ಟಕ್ಕಿಂತ ಕೆಳಗೆ ಕತ್ತರಿಸಿದರೆ ಗೆಡ್ಡೆಗೆ ಗಾಳಿ ಸಿಗದೆ ತಾನಾಗಿ ಕೊಳೆಯುತ್ತದೆ, ಅದಕ್ಕೆ ಹಿಟಾಚಿ ಬೇಕಿಲ್ಲ. ಕೆರೆಯಲ್ಲಿ ಹಸುಗಳಿಗೆ ಹುಲ್ಲು ಕೊಯ್ಯುವವರು ಈಗಲೂ ಇದ್ದಾರೆ, ಕೆಲಸವನ್ನು ಅವರಿಗೇ ಕೂಲಿ ಕೊಟ್ಟು ವಹಿಸಬಹುದು. ನೀರು ಒಳಬರುವ ಕಡೆಯ ಜೊಂಡನ್ನು ಮಾತ್ರ ಪೂರ್ತಿ ತೆಗೆಯಬಾರದು.

ನಮ್ಮ ಕೆರೆಯ ಎರಡನೇ ಹಂತದ ಕೆಲಸ ಇನ್ನೂ ಬಾಕಿ ಇದೆಯಂತೆ. ಅದರ ಟೆಂಡರ್‌ನಲ್ಲಿ ಇಷ್ಟನ್ನು ಬರೆದು ಸೇರಿಸಿ ಎಂದು ಸಂಬಂಧಪಟ್ಟ ಎಂಜಿನಿಯರುಗಳನ್ನು ನಿಮ್ಮ ಪತ್ರಿಕೆಯ ಮೂಲಕ ಕೇಳುತ್ತಿದ್ದೇನೆ.

– ಕೆರೆ ಪಕ್ಕದ ನಿವಾಸಿ, ಬೆಂಗಳೂರು