ಕಥೆ ಹೇಳುವವನನ್ನೇ ಬಿಟ್ಟು ಮಾತಾಡಿದರೆ ಹೇಗೆ?

ಮಾನ್ಯ ಸಂಪಾದಕರೇ,

ಕೆನ್ ಕೀಸಿಯವರ 'ಒನ್ ಫ್ಲೂ ಓವರ್ ದಿ ಕುಕೂಸ್ ನೆಸ್ಟ್' ಕಾದಂಬರಿ ಬಗ್ಗೆ ನಿಮ್ಮ ಓದುಗರು ಬರೆದ ಪತ್ರಗಳನ್ನು ಒಂದೂ ಬಿಡದೆ ಓದಿದೆ. 1962ರಲ್ಲಿ ಬಂದ ಪುಸ್ತಕದ ಬಗ್ಗೆ ಜನ ಈಗಲೂ ಇಷ್ಟು ಜೋರಾಗಿ ವಾದ ಮಾಡುತ್ತಾರೆ ಅನ್ನುವುದೇ ಖುಷಿ. ಕಥೆ ನಡೆಯುವುದು ಅಮೆರಿಕದ ಒಂದು ಮಾನಸಿಕ ಆಸ್ಪತ್ರೆಯ ವಾರ್ಡಿನಲ್ಲಿ. ಆದರೆ ಹೆಚ್ಚುಕಡಿಮೆ ಎಲ್ಲರೂ ಇಬ್ಬರ ಬಗ್ಗೆಯೇ ಬರೆದಿದ್ದಾರೆ, ಹೊಸದಾಗಿ ಬಂದು ಎದುರು ನಿಲ್ಲುವ ರೋಗಿ ಮ್ಯಾಕ್‌ಮರ್ಫಿ ಮತ್ತು ವಾರ್ಡ್ ನಡೆಸುವ ನರ್ಸ್ ರಾಚೆಡ್. ಮ್ಯಾಕ್‌ಮರ್ಫಿ ಹೀರೋ ಹೌದಾ ಅಲ್ವಾ, ನರ್ಸ್ ರಾಚೆಡ್ ನಿಜಕ್ಕೂ ಅಷ್ಟು ಕೆಟ್ಟವಳಾ, ಇದೇ ಚರ್ಚೆ. ಮೊದಲ ಸಾಲಿನಿಂದ ಕೊನೆ ಸಾಲಿನವರೆಗೆ ಕಥೆ ಹೇಳುವ ರೋಗಿ ಚೀಫ್ ಬ್ರಾಮ್ಡನ್‌ನ ಹೆಸರನ್ನು ಯಾರೂ ಎತ್ತಿಯೇ ಇಲ್ಲ. ಅವನನ್ನು ತೆಗೆದುಬಿಟ್ಟರೆ ಉಳಿಯುವುದು ಒಬ್ಬ ಜಗಳಗಂಟ ಮತ್ತು ಒಬ್ಬ ಕಟ್ಟುನಿಟ್ಟಿನ ನರ್ಸ್ ನಡುವಿನ ಹಣಾಹಣಿ ಅಷ್ಟೇ. ಪುಸ್ತಕ ಅದಕ್ಕಿಂತ ತುಂಬಾ ದೊಡ್ಡದು.

ಹೀಗಾಗುವುದಕ್ಕೆ ಸಿನಿಮಾ ಕಾರಣ ಅಂತ ನನಗನ್ನಿಸುತ್ತದೆ. 1975ರ ಆ ಸಿನಿಮಾ ಒಳ್ಳೆಯದೇ, ಐದು ದೊಡ್ಡ ಆಸ್ಕರ್‌ಗಳನ್ನು ಒಟ್ಟಿಗೆ ಗೆದ್ದಿದ್ದು ಸುಮ್ನೆ ಅಲ್ಲ. ಆದರೆ ಅದರಲ್ಲಿ ಕಥೆ ಬ್ರಾಮ್ಡನ್‌ನ ಬಾಯಲ್ಲಿ ಬರುವುದಿಲ್ಲ. ಅವನು ಮೂಲೆಯಲ್ಲಿ ಪೊರಕೆ ಹಿಡಿದು ನಿಂತ ಆಜಾನುಬಾಹು, ಅಷ್ಟೇ. ಕೀಸಿಯವರಿಗೂ ಇದೇ ವಿಷಯಕ್ಕೆ ಸಿನಿಮಾದ ಮೇಲೆ ಸಿಟ್ಟಿತ್ತು. ಅವನು ಮಾತಾಡಬಲ್ಲ ಅಂತ ಸಿನಿಮಾ ನೋಡುವವರಿಗೆ ಗೊತ್ತಾಗುವಾಗ ಅದೊಂದು ಆಶ್ಚರ್ಯ. ಓದುವವರಿಗೆ ಆ ಗುಟ್ಟು ಶುರುವಿನಲ್ಲೇ ಗೊತ್ತು. ವಾರ್ಡಿನ ಎಲ್ಲರೂ ಅವನನ್ನು ಕಿವುಡ, ಮೂಗ ಅಂದುಕೊಂಡಿದ್ದಾರೆ, ಅವನೆದುರೇ ಎಲ್ಲ ಮಾತಾಡುತ್ತಾರೆ, ಅವನು ನೆಲ ಗುಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾನೆ. ನಾವೂ ಅವನ ಜೊತೆ ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳಬೇಕು. ಅದೇ ಆ ಪುಸ್ತಕದ ಓದು.

ಚೂಯಿಂಗ್ ಗಮ್‌ನ ಪ್ರಸಂಗ ನೆನಪಿದೆಯಾ? ಬ್ರಾಮ್ಡನ್ ಕೈಯಲ್ಲಿ ಕಾಸಿಲ್ಲ. ಅಗಿದ ಗಮ್ಮನ್ನೇ ಮಂಚದ ಅಡಿಗೆ ಅಂಟಿಸಿಟ್ಟು ಮತ್ತೆ ಮತ್ತೆ ಅಗಿಯುತ್ತಾನೆ. ಒಂದು ರಾತ್ರಿ ವಾರ್ಡ್‌ಬಾಯ್ ಟಾರ್ಚ್ ಹಿಡಿದು ಬಂದು ಮಂಚದ ಕೆಳಗೆ ಗಟ್ಟಿಯಾದ ಆ ಉಂಡೆಗಳನ್ನೆಲ್ಲ ಕೆರೆದು ತೆಗೆಯುತ್ತಾನೆ. ಪಕ್ಕದ ಮಂಚದಲ್ಲಿದ್ದ ಮ್ಯಾಕ್‌ಮರ್ಫಿಗೆ ನಗು. ಆಮೇಲೆ ಒಂದು ಜ್ಯೂಸಿ ಫ್ರೂಟ್ ಗಮ್ ಪ್ಯಾಕೆಟ್ಟನ್ನು ಇವನ ಕಡೆ ಎಸೆಯುತ್ತಾನೆ. ಬ್ರಾಮ್ಡನ್ ಬಾಯಿಂದ ಥ್ಯಾಂಕ್ ಯೂ ಅಂತ ಮಾತು ಬಂದೇಬಿಡುತ್ತದೆ. ಎಷ್ಟೋ ವರ್ಷಗಳ ನಂತರದ ಮೊದಲ ಮಾತು, ಗಂಟಲು ತುಕ್ಕು ಹಿಡಿದ ಹಾಗಿದೆ. ನೋಡಿ, ಔಷಧಿಯಲ್ಲ, ಗುಂಪು ಚರ್ಚೆಯಲ್ಲ, ಒಬ್ಬ ಇನ್ನೊಬ್ಬನಿಗೆ ಗಮ್ ಕೊಟ್ಟ. ಮ್ಯಾಕ್‌ಮರ್ಫಿ ಏನು ಮಾಡಿದ ಅಂತ ಕೇಳುವವರಿಗೆ ನಾನು ನರ್ಸ್ ಜೊತೆಗಿನ ಅವನ ಜಟಾಪಟಿಗಿಂತ ಮೊದಲು ಈ ರಾತ್ರಿಯನ್ನೇ ತೋರಿಸುತ್ತೇನೆ.

ಬ್ರಾಮ್ಡನ್ ಕಿವುಡನ ವೇಷ ಶುರುವಾದದ್ದು ಆಸ್ಪತ್ರೆಯಲ್ಲಿ ಅಲ್ಲ. ಅವನು ಕೊಲಂಬಿಯಾ ನದಿ ತೀರದ ಅಮೆರಿಕದ ಮೂಲನಿವಾಸಿ ಬುಡಕಟ್ಟಿನ ಮುಖಂಡನ ಮಗ, ತಾಯಿ ಬಿಳಿಯಳು. ಚಿಕ್ಕವನಿದ್ದಾಗ ಊರಿನ ಜಾಗ ನೋಡಲು ಹೊರಗಿನವರು ಬರುತ್ತಾರೆ, ಅಣೆಕಟ್ಟಿನ ವ್ಯವಹಾರ. ಹುಡುಗ ಎದುರಿಗೇ ನಿಂತು ಇಂಗ್ಲಿಷಿನಲ್ಲಿ ಮಾತಾಡಿಸಿದರೂ ಅವನು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ನಡೆದುಕೊಳ್ಳುತ್ತಾರೆ. ಅಂದರೆ ಅವನನ್ನು ಮೊದಲು ಕಿವುಡನಾಗಿ ಮಾಡಿದವರು ಬೇರೆಯವರು. ಇದು ಬರೀ ಕಲ್ಪನೆಯೂ ಅಲ್ಲ. ಆರೆಗಾನ್ ರಾಜ್ಯದ ಅಂಚಿನಲ್ಲಿ, ಡಾಲ್ಸ್ ಅಣೆಕಟ್ಟು ತುಂಬಿದಾಗ, 1957ರ ಮಾರ್ಚ್‌ನಲ್ಲಿ ಸಿಲೈಲೋ ಜಲಪಾತ ಮುಳುಗಿಹೋಯಿತು. ಸಾವಿರಾರು ವರ್ಷ ಬುಡಕಟ್ಟಿನವರು ಸಾಲ್ಮನ್ ಮೀನು ಹಿಡಿದ ಜಾಗ ಅದು. ಪುಸ್ತಕ ಬಂದಿದ್ದು ಅದಾಗಿ ಐದು ವರ್ಷಕ್ಕೆ. ಅಲ್ಲಿನ ಓದುಗರಿಗೆ ಆ ಗಾಯ ಇನ್ನೂ ಹಸಿ. ಬ್ರಾಮ್ಡನ್ ತಲೆಯಲ್ಲಿ ಇಡೀ ದೇಶವೇ ಒಂದು ದೊಡ್ಡ ಯಂತ್ರ, ಆಸ್ಪತ್ರೆ ಅದರ ರಿಪೇರಿ ಅಂಗಡಿ. ಇದನ್ನು ಹುಚ್ಚು ಅಂತ ತಳ್ಳಿಹಾಕುವ ಮೊದಲು ಅವನ ನದಿಗೆ ಏನಾಯಿತು ಅಂತ ನೋಡಬೇಕು ಅಲ್ವಾ?

ಒಬ್ಬ ಓದುಗರು ನರ್ಸ್ ಪಾತ್ರ ತೀರಾ ಅತಿಯಾಯಿತು, ಯಾವ ನರ್ಸೂ ಹಾಗಿರುವುದಿಲ್ಲ ಅಂತ ಬರೆದಿದ್ದರು. ಬ್ರಾಮ್ಡನ್ ಕಣ್ಣಿಗೆ ಕೋಪ ಬಂದಾಗ ಆಕೆ ಟ್ರ್ಯಾಕ್ಟರಿನಷ್ಟು ಊದಿಕೊಳ್ಳುತ್ತಾಳೆ, ಗೋಡೆಯೊಳಗಿಂದ ಮಂಜು ಬಿಡುವ ಯಂತ್ರ ಓಡುತ್ತದೆ, ಭಯವಾದಾಗ ಅವನೇ ಆ ಮಂಜಿನೊಳಗೆ ಸೇರಿಕೊಳ್ಳುತ್ತಾನೆ. ಕಾಯಿಲೆಯಲ್ಲಿರುವ, ಹೆದರಿದ ಮನುಷ್ಯ ಕಂಡದ್ದು ಇದು. ಹಾಗೆ ಓದಿದರೆ ಅತಿ ಅನ್ನಿಸುವುದಿಲ್ಲ.

ಆದರೆ ಪುಸ್ತಕ ಹೆಂಗಸರಿಗೆ ಅನ್ಯಾಯ ಮಾಡಿದೆ ಅಂತ ಬರೆದವರ ಮಾತಿಗೆ ಇದು ಉತ್ತರ ಅಲ್ಲ, ಅವರು ಹೇಳಿದ್ದು ಸರಿ. ವಾರ್ಡಿನ ರೋಗಿ ಬಿಲ್ಲಿಯ ತಾಯಿ, ಇನ್ನೊಬ್ಬ ರೋಗಿ ಹಾರ್ಡಿಂಗ್‌ನ ಹೆಂಡತಿ, ನರ್ಸ್, ಎಲ್ಲರೂ ಗಂಡಸರನ್ನು ಕುಗ್ಗಿಸುವವರೇ. ಕೊನೆಗೆ ಎಲ್ಲರೆದುರು ನರ್ಸಿನ ಯೂನಿಫಾರ್ಮ್ ಹರಿಯುವುದನ್ನು ಗೆಲುವು ಅನ್ನುವ ಹಾಗೆ ಬರೆದದ್ದು ನನಗೆ ಯಾವತ್ತೂ ಹಿಡಿಸಿಲ್ಲ. ಕರಿಯ ವಾರ್ಡ್‌ಬಾಯ್‌ಗಳನ್ನು ಚಿತ್ರಿಸಿದ ರೀತಿಯೂ ಅಷ್ಟೇ ಕೆಟ್ಟದು. ಮ್ಯಾಕ್‌ಮರ್ಫಿಯನ್ನು ಹೊಗಳಿದ ಪತ್ರಗಳು ಅವನ ಮೇಲೆ ಅಪ್ರಾಪ್ತ ಹುಡುಗಿಯ ಮೇಲಿನ ಅತ್ಯಾಚಾರದ ಕೇಸಿತ್ತು, ಅದನ್ನು ಅವನು ನಗುತ್ತಾ ಹೇಳುತ್ತಾನೆ ಅನ್ನುವುದನ್ನು ಬಿಟ್ಟೇಬಿಟ್ಟಿವೆ. ಹಾಗೆ ಬಿಡಬಾರದು. ಪುಸ್ತಕ ಪ್ರೀತಿಸುವವರೇ ಇದನ್ನು ಮೊದಲು ಹೇಳಬೇಕು.

ಶಾಕ್ ಟ್ರೀಟ್‌ಮೆಂಟ್ ಬಗ್ಗೆ ಬಂದ ಪತ್ರಗಳು ನನಗೆ ನಿಜಕ್ಕೂ ಚಿಂತೆ ತಂದವು. ಕಾದಂಬರಿಯಲ್ಲಿ ಅದು ಶಿಕ್ಷೆ. ಎದುರು ಮಾತಾಡಿದವನನ್ನು ಶಿಲುಬೆಯಂಥ ಮೇಜಿಗೆ ಕಟ್ಟಿ, ಎಚ್ಚರ ಇರುವಾಗಲೇ ಕೊಡುತ್ತಾರೆ. ಆ ಕಾಲದಲ್ಲಿ ಅಂಥ ದುರುಪಯೋಗ ನಡೆದದ್ದು ಸುಳ್ಳಲ್ಲ. ಮಿದುಳನ್ನೇ ಕತ್ತರಿಸುವ ಲೋಬೊಟಮಿಗೆ 1949ರಲ್ಲಿ ನೊಬೆಲ್ ಕೊಟ್ಟ ಕಾಲ ಅದು. ಆದರೆ ಈಗಿನ ಶಾಕ್ ಟ್ರೀಟ್‌ಮೆಂಟ್, ಅಂದರೆ ಮಿದುಳಿಗೆ ವಿದ್ಯುತ್ ಹಾಯಿಸುವ ಇಸಿಟಿ, ಬೇರೆ. ಅರಿವಳಿಕೆ ಕೊಟ್ಟು, ಸ್ನಾಯು ಸಡಿಲವಾಗುವ ಔಷಧಿ ಕೊಟ್ಟು ಮಾಡುತ್ತಾರೆ, ಬೇರೆ ಔಷಧಿಗಳಿಗೆ ಬಗ್ಗದ ತೀವ್ರ ಖಿನ್ನತೆಗೆ ಅದು ಕೆಲಸ ಮಾಡುತ್ತದೆ. ನೆನಪಿನ ತೊಂದರೆ ಆಗಬಹುದು, ಅದನ್ನು ಡಾಕ್ಟರ ಹತ್ತಿರ ಕೇಳಿಯೇ ತೀರ್ಮಾನ ಮಾಡಬೇಕು. ದಯವಿಟ್ಟು ಕಾದಂಬರಿ ಓದಿ ಹೆದರಿ ಮನೆಯವರ ಚಿಕಿತ್ಸೆ ತಪ್ಪಿಸಬೇಡಿ.

ಇನ್ನೊಂದು ಮಾತು. ಈ ಪುಸ್ತಕವೇ ಅಮೆರಿಕದ ಹುಚ್ಚಾಸ್ಪತ್ರೆಗಳನ್ನು ಮುಚ್ಚಿಸಿತು ಅಂತ ಒಬ್ಬರು ಬರೆದಿದ್ದರು. ಅಲ್ಲ. ಅಲ್ಲಿನ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ 1955ರಲ್ಲಿ ಐದೂವರೆ ಲಕ್ಷಕ್ಕೂ ಜಾಸ್ತಿ ರೋಗಿಗಳಿದ್ದರು, ಹೊಸ ಔಷಧಿಗಳು ಬಂದ ಮೇಲೆ ಆಗಿನಿಂದಲೇ ಸಂಖ್ಯೆ ಇಳಿಯತೊಡಗಿತ್ತು. 1963ರಲ್ಲಿ ಅಧ್ಯಕ್ಷ ಕೆನಡಿ ಸಹಿ ಹಾಕಿದ ಕಾನೂನು ಊರೂರಲ್ಲಿ ಚಿಕಿತ್ಸಾ ಕೇಂದ್ರ ಕಟ್ಟುವ ಭರವಸೆ ಕೊಟ್ಟಿತು. ಬೇಕಾದಷ್ಟು ಕೇಂದ್ರಗಳು ಬರಲೇ ಇಲ್ಲ. ಹೊರಗೆ ಬಂದವರಲ್ಲಿ ಎಷ್ಟೋ ಜನ ಬೀದಿಗೆ, ಜೈಲಿಗೆ ಹೋದರು. ಬಾಗಿಲು ತೆರೆದರೆ ಸಾಲದು ಅಂತ ಕಾದಂಬರಿಗೇ ಗೊತ್ತಿದೆ. ಆ ವಾರ್ಡಿನ ಎಷ್ಟೋ ರೋಗಿಗಳು ತಾವಾಗಿಯೇ ಬಂದು ಸೇರಿದವರು, ಬೇಕೆಂದಾಗ ಹೋಗಬಹುದು. ಮ್ಯಾಕ್‌ಮರ್ಫಿಗೆ ಇದು ತಿಳಿದು ದಂಗಾದಾಗ ಬಿಲ್ಲಿ ಅಳುತ್ತಾ, ಧೈರ್ಯ ಇದ್ದಿದ್ದರೆ ಇವತ್ತೇ ಹೋಗುತ್ತಿದ್ದೆ ಅನ್ನುತ್ತಾನೆ. ಆ ಹೆದರಿಕೆಯನ್ನು ಯಾರು ವಾಸಿಮಾಡುತ್ತಾರೆ?

ಕೀಸಿಯವರು ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಕೆಲಸ ಮಾಡುತ್ತಾ ರೋಗಿಗಳ ಜೊತೆ ಮಾತಾಡಿ ಈ ಪುಸ್ತಕ ಬರೆದರು. ಸಂಪಾದಕರೇ, ನಿಮ್ಮಲ್ಲಿ ಬಂದ ಪತ್ರಗಳಲ್ಲಿ ಡಾಕ್ಟರು ಬರೆದದ್ದಿದೆ, ಮೇಷ್ಟರು ಬರೆದದ್ದಿದೆ, ಸಿನಿಮಾ ಪ್ರಿಯರದ್ದಂತೂ ತುಂಬಾ ಇದೆ. ವಾರ್ಡಿನಲ್ಲಿ ಇದ್ದು ಬಂದವರ ಪತ್ರ ಒಂದೂ ಕಾಣಲಿಲ್ಲ. ಈ ಚರ್ಚೆ ಮುಗಿಸುವ ಮೊದಲು ಅವರಿಗೂ ಬರೆಯಲು ಕೇಳಿ. ಹೆಸರು ಬೇಡ ಅಂದರೆ ಹೆಸರಿಲ್ಲದೆ ಹಾಕಿ, ಉದ್ದವಾದರೂ ಕತ್ತರಿಸಬೇಡಿ.

– ನಿಮ್ಮ ಓದುಗ